ಗಾಡಿಯೊಳಗಿನ ಮನೆ: ಮಟಾಡೋರ್ ಕಾಲದಿಂದ ಕ್ಯಾರವಾನ್ ಕಾಲಕ್ಕೆ

2019ರ ಬೇಸಿಗೆಯಲ್ಲಿ ನಾನೊಂದು ಸುದ್ದಿ ಬರೆದೆ. ನಮ್ಮೂರಿನ ಹುಡುಗನೊಬ್ಬ ಹಳೆಯ ಟೆಂಪೊ ಟ್ರಾವೆಲರ್ ತಂದು, ಸೀಟು ಕಿತ್ತು, ಒಳಗೆ ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿ ‘ಓಡಾಡುವ ಮನೆ’ ಮಾಡುತ್ತಿದ್ದಾನೆ ಅನ್ನುವ ಸುದ್ದಿ. ಫೋಟೊ ಸಮೇತ ಬಂತು. ಊರಿನವರ ಫೋನಿಗೆಲ್ಲ ಹೋಯಿತು. ಅವನ ತಾಯಿ ಪೇಪರ್ ಕತ್ತರಿಸಿ ದೇವರ ಮನೆ ಬಾಗಿಲಿಗೆ ಅಂಟಿಸಿದ್ದರು. ಸುದ್ದಿಯಲ್ಲಿ ಎಲ್ಲ ಇತ್ತು, ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಈ ಬದಲಾವಣೆ ಆರ್‌ಸಿ ಪುಸ್ತಕಕ್ಕೆ ಏರುತ್ತದಾ? ಕೇಳಬೇಕಾಗಿದ್ದವನು ನಾನು. ಕೇಳಲಿಲ್ಲ.

ಎರಡು ವರ್ಷದ ಮೇಲೆ ಗಾಡಿ ಎಫ್‌ಸಿಗೆ ಹೋಗಿ ವಾಪಸ್ ಬಂತು. ಅಷ್ಟರಲ್ಲಿ ಅವನ ಅಪ್ಪನ ಹೆಸರಿನಲ್ಲಿದ್ದ ಸೈಟು ಮಾರಿ ಆಗಿತ್ತು.

ಈಗಲೂ ಆಗಾಗ ಹುಡುಗರು ಫೋನ್ ಮಾಡುತ್ತಾರೆ. “ಅಣ್ಣಾ, ಹಳೇ ಟಿಟಿ ಒಂದು ಸಿಗ್ತಾ ಐತೆ. ಕ್ಯಾಂಪರ್ ಮಾಡ್ಸಿ ಬಾಡಿಗೆಗೆ ಬಿಟ್ರೆ ಹೆಂಗೆ? ಫೋರ್ ಬೈ ಫೋರ್ ಮಾಡ್ಸಿದ್ರೆ ಇನ್ನೂ ಜಾಸ್ತಿ ಬಾಡಿಗೆ ಬರುತ್ತಂತೆ.” ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಹಿಂದಿನಿಂದ ಶುರು ಮಾಡಿ ಬರೆಯುತ್ತಿದ್ದೇನೆ.

ಗಾಡಿಯಲ್ಲೇ ಮಲಗಿ, ಗಾಡಿ ಪಕ್ಕದಲ್ಲೇ ಬೇಯಿಸಿಕೊಂಡು ತಿರುಗುವುದು ನಮಗೆ ಯೂಟ್ಯೂಬ್ ಕಲಿಸಿದ್ದಲ್ಲ. ನಮ್ಮ ಅಜ್ಜಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗುತ್ತಿದ್ದದ್ದು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ. ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ. ಮೂಟೆಯಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಒಂದು ಮಡಕೆಯಲ್ಲಿ ಉಪ್ಪಿನಕಾಯಿ. ಹೆಂಗಸರು ಮಕ್ಕಳು ಗಾಡಿಯ ಒಳಗೆ, ಗಂಡಸರು ಗಾಡಿಯ ಕೆಳಗೆ, ಎತ್ತು ನೊಗದ ಪಕ್ಕ. ಮೂರು ಕಲ್ಲಿಟ್ಟರೆ ಅಡುಗೆ ಮನೆ. ಉತ್ತರ ಕರ್ನಾಟಕದವರನ್ನು ಕೇಳಿ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ದಿನಗಟ್ಟಲೆ ಹೋಗುತ್ತಿದ್ದ ಕಥೆ ಹೇಳುತ್ತಾರೆ. ಈಗ ಟ್ರ್ಯಾಕ್ಟರ್ ಟ್ರೈಲರಿಗೆ ಟಾರ್ಪಾಲ್ ಕಟ್ಟಿಕೊಂಡು ಹೋಗುವವರೂ ಅದನ್ನೇ ಮಾಡುತ್ತಿರುವುದು.

ಎಂಜಿನ್ ಗಾಡಿಗೆ ಮೈ ಕಟ್ಟುವ ಕೆಲಸ ನಮ್ಮ ಕಡೆ ಹೇಗೆ ಬಂತು ಅನ್ನುವುದಕ್ಕೆ ವೈಟ್‌ಫೀಲ್ಡ್ ದಾರಿ ಹಿಡಿಯಬೇಕು. ವೈಟ್‌ಫೀಲ್ಡ್ ಹುಟ್ಟಿದ್ದು 1880ರ ದಶಕದಲ್ಲಿ, ಹತ್ತನೇ ಚಾಮರಾಜ ಒಡೆಯರ್ ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಬೇಸಾಯಕ್ಕೆಂದು ಕೊಟ್ಟ ಜಮೀನಿನಲ್ಲಿ. ಆ ಊರಿಗೂ ಬೆಂಗಳೂರಿಗೂ ನಡುವೆ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ವಿಮಾನ ಕಾರ್ಖಾನೆ ತೆರೆದರು. ಅದೇ ನಾವು ಎಚ್‌ಎಎಲ್ ಅನ್ನುವುದು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ರಿಪೇರಿಗೆ ಬಂದ ವಿಮಾನಗಳಿಗೆ ಲೆಕ್ಕವಿರಲಿಲ್ಲ. ಯುದ್ಧ ಮುಗಿದ ಮೇಲೆ ಕೈ ಖಾಲಿ. ಸಾವಿರಾರು ಕೆಲಸಗಾರರು, ಅಲ್ಯುಮಿನಿಯಂ ಶೀಟು ಬಗ್ಗಿಸಿ ರಿವೆಟ್ ಹೊಡೆಯುವ ಕಸುಬು ಕಲಿತವರು, ಕೂತಿದ್ದಾರೆ. ಆಗ ಕಾರ್ಖಾನೆ ರೈಲು ಡಬ್ಬಿ ಕಟ್ಟಿತು, ಬಸ್ಸಿನ ಬಾಡಿಯನ್ನೂ ಕಟ್ಟಿತು. ರೈಲು ಡಬ್ಬಿಯ ವಿಭಾಗವೇ 1964ರಲ್ಲಿ ಬೇರೆ ಕಂಪನಿಯಾಗಿ ಬೆಮೆಲ್ ಆಯಿತು.

ಅದೇ ಕಾಲಕ್ಕೆ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸಿನೊಂದಿಗೆ ಓಡಾಟ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. ಬಸ್ಸು ಅಂದರೆ ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್, ಚಕ್ರ, ಚಾಸಿ, ಸ್ಟೇರಿಂಗು ಅಷ್ಟೇ. ಡ್ರೈವರ್ ಮುಖಕ್ಕೆ ಟವಲ್ ಸುತ್ತಿಕೊಂಡು ಬರೀ ಚಾಸಿ ಓಡಿಸಿಕೊಂಡು ಹೋಗುವುದನ್ನು ತುಮಕೂರು ರಸ್ತೆಯಲ್ಲಿ ನೀವೂ ನೋಡಿರುತ್ತೀರಿ. ಅದಕ್ಕೆ ಮೈ ಕಟ್ಟುವುದು ನಮ್ಮ ಜನರ ಕೆಲಸ.

ನಮ್ಮ ಚಿಕ್ಕಪ್ಪ ಆ ಕೆಲಸ ಮಾಡಿದವರು. ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದ ಕೊನೆಗೆ ಎದ್ದು ನಿಂತಾಗ ನೆಲಮಂಗಲ, ಮಾಗಡಿ, ದಾಬಸ್‌ಪೇಟೆ ಕಡೆಯ ಹುಡುಗರು ಬೆಳಗಿನ ಬಸ್ಸಿಗೆ ನೇತಾಡಿಕೊಂಡು ಹೋಗಿ ಅಲ್ಲಿ ಲೇತು, ಮಿಲ್ಲಿಂಗ್, ವೆಲ್ಡಿಂಗ್ ಕಲಿತರು. ಅಲ್ಲಿ ಭಾರತ್ ಫ್ರಿಟ್ಜ್ ವರ್ನರ್‌ನಂಥ ದೊಡ್ಡ ಕಾರ್ಖಾನೆಗಳ ಸುತ್ತ ಸಾವಿರಾರು ಸಣ್ಣ ಶೆಡ್ಡುಗಳು. ಚಿಕ್ಕಪ್ಪ ಸೇರಿದ್ದು ತುಮಕೂರು ರಸ್ತೆ ಪಕ್ಕದ ಒಂದು ಬಾಡಿ ಬಿಲ್ಡಿಂಗ್ ಶೆಡ್ಡಿಗೆ. ಲಾರಿ, ಬಸ್ಸು, ಶಾಲಾ ವ್ಯಾನು, ಐಸ್‌ಕ್ರೀಮ್ ಗಾಡಿ, ಶವ ಸಾಗಿಸುವ ಗಾಡಿ, ಎಲ್ಲ ಕಟ್ಟಿದ್ದಾರೆ. ನಕ್ಷೆ ಗಿಕ್ಷೆ ಏನೂ ಇರಲಿಲ್ಲವಂತೆ. ಮೇಸ್ತ್ರಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚಿದರೆ ಅದೇ ನಕ್ಷೆ. ಗಿರಾಕಿ ಬಂದು “ಹಿಂದೆ ಇನ್ನೊಂದು ಅಡಿ ಬೇಕು” ಅಂದರೆ ಇನ್ನೊಂದು ಅಡಿ. ಆ ಒಂದು ಅಡಿಯಿಂದ ಗಾಡಿ ತಿರುವಿನಲ್ಲಿ ಹೇಗೆ ವಾಲುತ್ತದೆ ಅಂತ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಇದನ್ನು ಚಿಕ್ಕಪ್ಪನೇ ಹೇಳಿದ್ದು, ಹೆಮ್ಮೆಯಿಂದ ಅಲ್ಲ.

ಇನ್ನು ಟೆಂಪೊ. ನಾವು ಯಾವ ಸಣ್ಣ ಸರಕು ಗಾಡಿ ಕಂಡರೂ ‘ಟೆಂಪೊ’ ಅನ್ನುತ್ತೇವಲ್ಲ, ಅದು ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕಂಪನಿಯ ಹೆಸರು. ಪುಣೆಯಲ್ಲಿ ಫಿರೋದಿಯಾ ಅವರು ಆ ಕಂಪನಿಯ ಒಪ್ಪಂದದ ಮೇಲೆ 1958ರಲ್ಲಿ ಬಜಾಜ್ ಟೆಂಪೊ ಶುರು ಮಾಡಿ ಮೂರು ಚಕ್ರದ ಗಾಡಿ ಬಿಟ್ಟರು. 1960ರ ದಶಕದ ಕೊನೆಗೆ ಮಟಾಡೋರ್ ಬಂತು. ಆ ಜರ್ಮನ್ ಕಂಪನಿ ಮೊದಲು ಹಾನೊಮಾಗ್ ಕೈಗೆ, ಆಮೇಲೆ ಬೆಂಜ್ ಕಂಪನಿಯ ಕೈಗೆ ಹೋಯಿತು. ಹಾಗಾಗಿಯೇ ನಮ್ಮ ಮಟಾಡೋರಿಗೆ ಬೆಂಜ್ ಕಂಪನಿಯ ಡೀಸೆಲ್ ಎಂಜಿನ್ ಬಂದದ್ದು. ಮದುವೆ ದಿಬ್ಬಣ, ರೇಷ್ಮೆಗೂಡು, ಟೊಮೆಟೊ, ಹೆರಿಗೆ ನೋವಿನ ಹೆಂಗಸು, ಧರ್ಮಸ್ಥಳದ ಹರಕೆ, ಎಲ್ಲವನ್ನೂ ಹೊತ್ತ ಗಾಡಿ ಅದು.

ಮಟಾಡೋರಿನಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಮುಂದಿನ ಚಕ್ರಕ್ಕೆ. ಹಿಂದೆ ಹನ್ನೆರಡು ಮೂಟೆ ಹೇರಿಕೊಂಡು ಮಳೆಗಾಲದ ಏರು ಹತ್ತಿಸಿದರೆ ಭಾರವೆಲ್ಲ ಹಿಂದಕ್ಕೆ ಜಗ್ಗಿ, ಮುಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿತ್ತು. ನಮ್ಮ ಹಳೇ ಡ್ರೈವರುಗಳು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಏರಿನಲ್ಲಿ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಆಗ ಎಳೆಯುವ ಚಕ್ರ ಇಳಿಜಾರಿನ ಕೆಳಗಾಗುತ್ತದೆ, ಭಾರ ಅದರ ಮೇಲೆ ಕೂರುತ್ತದೆ. ಫೋರ್ ಬೈ ಫೋರ್ ಅಂದರೇನು ಅಂತ ಅರ್ಥ ಮಾಡಿಕೊಳ್ಳುವುದಕ್ಕೆ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

1987ರಲ್ಲಿ ಅದೇ ಕಂಪನಿ ಟೆಂಪೊ ಟ್ರಾವೆಲರ್ ತಂದಿತು. ಇದರ ಮೂಲ ಬೆಂಜ್ ಕಂಪನಿ 1977ರಲ್ಲಿ ಯುರೋಪಿನಲ್ಲಿ ಬಿಟ್ಟಿದ್ದ ವ್ಯಾನು. ಇದರಲ್ಲಿ ಬಲ ಹಿಂದಿನ ಚಕ್ರಕ್ಕೆ. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಆಯಿತು, ಆದರೆ ಜನರ ಬಾಯಲ್ಲಿ ಇವತ್ತಿಗೂ ‘ಟಿಟಿ’ಯೇ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದ ಮೇಲೆ ಈ ವ್ಯಾನಿನ ಒಳಗೆ ಏನೆಲ್ಲ ಕೂರಿಸಬಹುದು ಅನ್ನುವುದು ಹಳ್ಳಿ ಹಳ್ಳಿಯವರಿಗೂ ಕಾಣಿಸಿತು. ಮಂಚ, ಆಮ್ಲಜನಕದ ಸಿಲಿಂಡರ್, ಔಷಧಿಯ ಕಪಾಟು, ಲೈಟು. ನಮ್ಮ ಹುಡುಗನಿಗೆ ಐಡಿಯಾ ಹೊಳೆದದ್ದೂ ಹಾಗೆಯೇ. ಅಪ್ಪನನ್ನು 108ರಲ್ಲಿ ತುಮಕೂರಿಗೆ ಕರೆದುಕೊಂಡು ಹೋಗುವಾಗ ಒಳಗೆ ಕೂತು ಸುತ್ತ ನೋಡಿದ್ದನಂತೆ.

ಹೊರದೇಶದಲ್ಲಿ ಇದು ಎಷ್ಟೋ ಮೊದಲೇ ಶುರುವಾಗಿತ್ತು. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಅನ್ನುವ ಕಂಪನಿ 1951ರಿಂದಲೇ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ, ಕಪಾಟು ಕೂರಿಸಿ ಕೊಡುತ್ತಿತ್ತು. ಅರವತ್ತು ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳು ಅಂಥ ವ್ಯಾನುಗಳಲ್ಲಿ ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದು, ಗೋವಾ ಮುಗಿಸಿ ಗೋಕರ್ಣದ ಕಡಲ ತೀರಕ್ಕೂ ಇಳಿದರು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ರಷ್ಯಾ ಸೇನೆ ನುಗ್ಗಿದ್ದು, ಎರಡೂ ಸೇರಿ ಆ ದಾರಿ ಮುಚ್ಚಿತು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ದೊಡ್ಡ ವ್ಯಾನಿಗೆ ಪಿಕಪ್ಪಿನ ಮುಂದಿನ ಆಕ್ಸಲ್ ಹಾಕಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕಾರ್ಯಾಗಾರಗಳು ಎಪ್ಪತ್ತರ ದಶಕದಲ್ಲೇ ಇದ್ದವು. 1985ರ ಹೊತ್ತಿಗೆ ಫೋಕ್ಸ್‌ವ್ಯಾಗನ್ ತಾನೇ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ನಾಲ್ಕು ಚಕ್ರ ಎಳೆಯುವ ವ್ಯಾನು ತಯಾರು ಮಾಡಿಸಿತು. ನಮ್ಮ ಹುಡುಗರು ಫೋನಿನಲ್ಲಿ ನೋಡುವ ವಿಡಿಯೊಗಳೆಲ್ಲ ಈ ಸಾಲಿನ ಮೊಮ್ಮಕ್ಕಳು.

ನಮ್ಮಲ್ಲಿ ನಾಲ್ಕು ಚಕ್ರದ ಬಲ ಬಂದದ್ದು ಜೀಪಿನಿಂದ. ಯುದ್ಧ ಮುಗಿದಾಗ ಸೇನೆ ಹರಾಜಿಗೆ ಹಾಕಿದ ಜೀಪುಗಳು, ಆಮೇಲೆ ಮಹೀಂದ್ರ ಕಂಪನಿ ಜೋಡಿಸಿ ಬಿಟ್ಟ ಜೀಪುಗಳು ಮಲೆನಾಡಿನ ಕಾಫಿ ತೋಟಗಳಿಗೆ ಹತ್ತಿದವು. ಇವತ್ತಿಗೂ ಕೊಡಚಾದ್ರಿಗೆ ಜನರನ್ನು ಹತ್ತಿಸಿ ಇಳಿಸಿ ಹೊಟ್ಟೆ ಹೊರೆಯುವವರು ಅಲ್ಲಿನ ಜೀಪು ಡ್ರೈವರುಗಳೇ. ಅವರ ಪಕ್ಕ ಕೂತು ಒಂದು ಸಲ ಹೋಗಿ ಬನ್ನಿ. ಗಾಡಿಗಿಂತ ಆ ಕೈ, ಆ ಕಾಲಿನ ಕೆಲಸವೇ ಹೆಚ್ಚು ಅಂತ ಗೊತ್ತಾಗುತ್ತದೆ.

ಹಾಗಾದರೆ ಟಿಟಿಯನ್ನು ಫೋರ್ ಬೈ ಫೋರ್ ಮಾಡುವುದಕ್ಕೆ ಏನಡ್ಡಿ? ನಮ್ಮ ಹುಡುಗ ಜೆಸಿ ರೋಡಿನಲ್ಲಿ ಒಂದಷ್ಟು ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಜೀಪಿನ ಮುಂದಿನ ಆಕ್ಸಲ್ ಒಂದನ್ನು ತಂದೇಬಿಟ್ಟಿದ್ದ. ಪೀಣ್ಯ ಎರಡನೇ ಹಂತದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಅದನ್ನು ಒಯ್ದಾಗ ನಾನೂ ಹೋಗಿದ್ದೆ. ಆತ ಆಕ್ಸಲ್ ನೋಡಿ, ಹೌಸಿಂಗಿನ ಹಿಂದಿನ ಮುಚ್ಚಳ ಬಿಚ್ಚಿ, ಕ್ರೌನಿನ ಹಲ್ಲು ಎಣಿಸಿದರು. ಆಮೇಲೆ ಪಿನಿಯನ್ನಿನ ಹಲ್ಲು ಎಣಿಸಿದರು.

“ಎಷ್ಟಪ್ಪ ನಿನ್ ಗಾಡಿ ಹಿಂದಿನ ರೇಶಿಯೊ?”

ಹುಡುಗನಿಗೆ ಗೊತ್ತಿರಲಿಲ್ಲ.

ಆತ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಇದೆಯಲ್ಲ, ಅದರ ಮಧ್ಯೆ ಇನ್ನೊಂದು ಪೆಟ್ಟಿಗೆ ಕೂರಿಸಬೇಕು. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ. ಅದರಿಂದ ಮುಂದಕ್ಕೆ ಒಂದು ಶಾಫ್ಟು. ಮುಂದೆ ಬರೀ ಚಕ್ರ ಹೊರುವ ಆಕ್ಸಲ್ ತೆಗೆದು, ಚಕ್ರ ತಿರುಗಿಸುವ ಆಕ್ಸಲ್ ಹಾಕಬೇಕು. ಆ ಆಕ್ಸಲಿನ ಕ್ರೌನು ಪಿನಿಯನ್ನು ಹಿಂದಿನದರ ಅಳತೆಗೆ ಸರಿಯಾಗಿ ಹೊಂದಬೇಕು. ಶಾಫ್ಟು 41 ಸುತ್ತು ಸುತ್ತಿದಾಗ ಹಿಂದಿನ ಚಕ್ರ 10 ಸುತ್ತು ಬಂದರೆ ಮುಂದಿನದೂ 10 ಸುತ್ತೇ ಬರಬೇಕು. ಮುಂದಿನದು 8 ಸುತ್ತು ಬಂದರೆ? ಒಂದೇ ನೊಗಕ್ಕೆ ಒಂದು ಹಳ್ಳಿಕಾರ್ ಎತ್ತನ್ನೂ ಒಂದು ಎಮ್ಮೆಯನ್ನೂ ಕಟ್ಟಿದ ಹಾಗೆ. ಟಾರ್ ರಸ್ತೆಯಲ್ಲಿ ಎರಡೂ ಒಂದನ್ನೊಂದು ಎಳೆದಾಡಿ ಕೊನೆಗೆ ಯಾವುದಾದರೊಂದು ಮುರಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಜೀಪಿನ ಆಕ್ಸಲ್ ಟಿಟಿಗಿಂತ ಗಿಡ್ಡ. ಚಕ್ರಗಳ ನಡುವಿನ ಅಗಲ ಮುಂದೆ ಒಂದು, ಹಿಂದೆ ಒಂದು ಆಗುತ್ತದೆ. ಎಂಜಿನ್ನಿನ ಆಯಿಲ್ ಚೇಂಬರಿಗೆ ಹೊಸ ಆಕ್ಸಲಿನ ಗಡ್ಡೆ ತಾಗದ ಹಾಗೆ ಗಾಡಿ ಎತ್ತರಿಸಬೇಕು. ಎತ್ತರಿಸಿದರೆ ಸ್ಟೇರಿಂಗಿನ ರಾಡುಗಳ ಕೋನ ಕೆಡುತ್ತದೆ, ಬ್ರೇಕ್ ಪೈಪು ಉದ್ದ ಸಾಲುವುದಿಲ್ಲ. ಮೇಲೆ ಚಾವಣಿಯಲ್ಲಿ ಸೋಲಾರ್ ಫಲಕ, ಒಳಗೆ ನೂರು ಲೀಟರ್ ನೀರು. ನೂರು ಲೀಟರ್ ಅಂದರೆ ನೂರು ಕೆಜಿ, ಅದೂ ತಿರುವಿನಲ್ಲಿ ಅತ್ತಿಂದಿತ್ತ ತುಳುಕುವ ನೂರು ಕೆಜಿ. ಅದಕ್ಕೆ ತೊಟ್ಟಿಯನ್ನು ಚಾಸಿಗೆ ಹತ್ತಿರ, ಎರಡು ಆಕ್ಸಲ್ ನಡುವೆ, ಒಳಗೆ ಅಡ್ಡ ತಡೆ ಹಾಕಿ ಕೂರಿಸಬೇಕು. ನಮ್ಮ ಹುಡುಗ ಅದನ್ನು ಹಿಂದಿನ ಬಾಗಿಲ ಪಕ್ಕ ಮೇಲೆ ಇಟ್ಟಿದ್ದ, ನಲ್ಲಿಯಲ್ಲಿ ನೀರು ರಭಸವಾಗಿ ಬರಲಿ ಅಂತ.

“ಮಾಡ್ಕೊಡ್ತೀನಿ ಕಣಪ್ಪ, ಆಗಲ್ಲ ಅನ್ನಲ್ಲ” ಅಂದರು ಮೆಕ್ಯಾನಿಕ್. “ಆದ್ರೆ ನಿನ್ ಹೆಂಡ್ತಿ ಮಕ್ಳನ್ ಕೂರಿಸ್ಕೊಂಡು ಘಾಟಿ ಇಳೀತೀಯಾ, ಹೇಳು.”

ಆಕ್ಸಲ್ ವಾಪಸ್ ಗಾಡಿಯ ಹಿಂದೆ ಹೋಯಿತು. ಇಷ್ಟಾದರೂ ಒಂದು ಮಾತು ಹೇಳಬೇಕು. ಬಾಡಿಗೆಗೆ ಕ್ಯಾಂಪರ್ ಒಯ್ಯುವವರಲ್ಲಿ ಬಹಳಷ್ಟು ಜನಕ್ಕೆ ಬೇಕಾಗಿರುವುದು ಹೊಟೇಲ್ ಇಲ್ಲದ ಕೆರೆ ದಂಡೆ, ಹೊಲದ ಬದಿ. ಅಲ್ಲಿಗೆ ಹೋಗಲು ಹಿಂದೆ ಒಳ್ಳೆ ಟೈರು, ಒಂದು ಸಲಿಕೆ, ಮರಳು ಸಿಕ್ಕಿದಾಗ ಟೈರಿನ ಗಾಳಿ ಸ್ವಲ್ಪ ಇಳಿಸುವ ಬುದ್ಧಿ, ಇಷ್ಟು ಸಾಕು. ನಾಲ್ಕು ಚಕ್ರದ ಬಲ ನಿಜವಾಗಿ ಬೇಕಾದ ಜಾಗಕ್ಕೆ ಎಂಟೂವರೆ ಅಡಿ ಎತ್ತರದ ವ್ಯಾನು ಹೋಗುವುದೇ ಕಷ್ಟ, ಮರದ ಕೊಂಬೆ ಬಿಡುವುದಿಲ್ಲ.

ಈಗ ಕಾನೂನು. ಇಲ್ಲಿ ನಿಧಾನವಾಗಿ ಓದಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು. 2000ದಲ್ಲಿ ಅದನ್ನು ತಿದ್ದಿ ಬಿಗಿ ಮಾಡಿದರು. ಆದರೂ ರಾಜ್ಯಗಳ ನಿಯಮ ತೋರಿಸಿ ಜನ ಬದಲಾಯಿಸಿಕೊಳ್ಳುತ್ತಲೇ ಇದ್ದರು. ಕೇರಳದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿ 2019ರ ಜನವರಿಯಲ್ಲಿ ತೀರ್ಪು ಬಂತು. ಗಾಡಿ ತಯಾರಿಸಿದ ಕಂಪನಿ ಕೊಟ್ಟ ಮೂಲ ವಿವರಕ್ಕೆ, ಆರ್‌ಸಿಯಲ್ಲಿ ಬರೆದಿರುವುದಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ ಎಂದಿತು ಕೋರ್ಟು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿಸುವುದು, ಅಂಗವಿಕಲರಿಗಾಗಿ ಗಾಡಿ ಹೊಂದಿಸಿಕೊಳ್ಳುವುದು, ಇಂಥವಕ್ಕೆ ಕಾಯ್ದೆಯಲ್ಲೇ ಬೇರೆ ದಾರಿ ಇದೆ. ಅದೇ 2019ರ ಕಾಯ್ದೆ ತಿದ್ದುಪಡಿಯಲ್ಲಿ ದಂಡವೂ ಸೇರಿತು. ನಿಯಮ ಮೀರಿ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದೊಂದು ಬದಲಾವಣೆಗೆ ಅಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ನೋಡಿ.

ನನ್ನ ಸುದ್ದಿ ಬಂದದ್ದು ಆ ತೀರ್ಪು ಬಂದ ಮೂರೂವರೆ ತಿಂಗಳಿಗೆ. ತೀರ್ಪಿನ ಸುದ್ದಿಯನ್ನು ನಾನು ಓದಿದ್ದೆ. ಬೈಕಿನ ಸೈಲೆನ್ಸರ್ ಬದಲಾಯಿಸುವ ಹುಡುಗರ ತಲೆನೋವು ಅಂದುಕೊಂಡು ಪುಟ ತಿರುವಿದ್ದೆ.

ಹಾಗಂತ ಕ್ಯಾರವಾನ್ ಅನ್ನುವುದೇ ಕಾನೂನಿಗೆ ವಿರುದ್ಧ ಅಂತಲ್ಲ. ಸಾರಿಗೆ ಇಲಾಖೆಯ ವಾಹನ ವರ್ಗಗಳಲ್ಲೇ ‘ಕ್ಯಾಂಪರ್ ವ್ಯಾನ್’, ‘ಮೋಟಾರ್ ಕ್ಯಾರವಾನ್’ ಅಂತ ಇದೆ. ಅದಕ್ಕೆ ಎಐಎಸ್-124 ಅನ್ನುವ ಕೇಂದ್ರದ ಮಾನದಂಡವೂ ಇದೆ. ಕ್ಯಾರವಾನ್ ಅನ್ನಿಸಿಕೊಳ್ಳಲು ಸೀಟು ಮತ್ತು ಮೇಜು, ಮಲಗುವ ಜಾಗ, ಅಡುಗೆಯ ಏರ್ಪಾಡು, ಸಾಮಾನು ಇಡುವ ಜಾಗ ಇರಬೇಕು. ಇವು ಅಲ್ಲಾಡದಂತೆ ಭದ್ರವಾಗಿ ಕೂರಿಸಿರಬೇಕು. ಅನುಮತಿ ಇರುವ ತಯಾರಕರು ಮಾದರಿ ಗಾಡಿ ಕಟ್ಟಿ, ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯಲ್ಲಿ ಪಾಸು ಮಾಡಿಸಿ, ಆಮೇಲೆ ಅದೇ ಮಾದರಿಯಲ್ಲಿ ಮಾರಬಹುದು. ಹಾಗೆ ಕಟ್ಟಿದ ಗಾಡಿ ಮೊದಲ ದಿನವೇ ಕ್ಯಾರವಾನ್ ಅಂತ ನೋಂದಣಿಯಾಗುತ್ತದೆ. ಹದಿಮೂರು ಸೀಟಿನ ಹಳದಿ ಬೋರ್ಡ್ ಗಾಡಿಯನ್ನು ಆಮೇಲೆ ಶೆಡ್ಡಿನಲ್ಲಿ ಮನೆ ಮಾಡಿಕೊಂಡು ಹೋಗಿ ‘ಇದನ್ನು ಕ್ಯಾರವಾನ್ ಅಂತ ಬರೆದುಕೊಡಿ’ ಅಂದರೆ ಬರೆದುಕೊಡುವುದಿಲ್ಲ. ಇನ್ಶೂರೆನ್ಸ್‌ನವರೂ ಅಪಘಾತವಾದ ದಿನ ಮೊದಲು ನೋಡುವುದು ಇದನ್ನೇ.

ಸರ್ಕಾರ ಮಾತ್ರ ಹಳೆ ಗಾಡಿ ಬದಲಾಯಿಸಬಹುದಾ ಅಂತ ನಮ್ಮ ಹುಡುಗ ಕೇಳಿದ್ದ. ನ್ಯಾಯವಾದ ಸಿಟ್ಟೇ ಅದು. 2020ರಲ್ಲಿ ಕೆಎಸ್‌ಆರ್‌ಟಿಸಿ ಓಡಿ ಸವೆದ ಬಸ್ಸೊಂದನ್ನು ಮಹಿಳೆಯರ ಶೌಚಾಲಯ ಮಾಡಿ ‘ಸ್ತ್ರೀ ಟಾಯ್ಲೆಟ್’ ಅಂತ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಕೊರೊನಾದ ಎರಡನೇ ಅಲೆಯಲ್ಲಿ, 2021ರಲ್ಲಿ, ಬಸ್ಸಿನೊಳಗೆ ಐಸಿಯು ಹಾಸಿಗೆ ಕೂರಿಸಿ ‘ಸಾರಿಗೆ ಸುರಕ್ಷಾ’ ಅಂತ ಓಡಿಸಿತು. ನಿಗಮಕ್ಕೆ ತನ್ನದೇ ವರ್ಕ್‌ಶಾಪುಗಳಿವೆ, ದಶಕಗಳಿಂದ ಬಾಡಿ ಕಟ್ಟಿದ ಕೈಗಳಿವೆ. ನಿಂತಲ್ಲೇ ನಿಲ್ಲುವ ಬಸ್ಸಿಗೂ ಹೆದ್ದಾರಿಯಲ್ಲಿ ಬಾಡಿಗೆಗೆ ಓಡುವ ವ್ಯಾನಿಗೂ ವ್ಯತ್ಯಾಸವಿದೆ. ಆದರೆ ಪೀಣ್ಯದ ಶೆಡ್ಡಿನ ವೆಲ್ಡರಿಗೂ ಕೈ ಇದೆಯಲ್ಲ, ಅವನಿಗೊಂದು ದಾರಿ ಯಾಕಿಲ್ಲ ಅನ್ನುವುದು ಹುಡುಗನ ಪ್ರಶ್ನೆ. ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರ ಇಲ್ಲ.

ಅರ್ಧ ಉತ್ತರ ಚಿಕ್ಕಪ್ಪನ ಹತ್ತಿರ ಇತ್ತು. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಬೆಂಕಿಗೆ ಸಿಕ್ಕಿ 45 ಜನ ಸತ್ತರು. ಅದು ಶೆಡ್ಡಿನಲ್ಲಿ ಕಟ್ಟಿದ ಬಸ್ಸಲ್ಲ, ದೊಡ್ಡ ಕಂಪನಿಯದ್ದೇ. ಆದರೂ ಟಿವಿಯಲ್ಲಿ ಅದನ್ನು ನೋಡಿದ ಮೇಲೆ ಚಿಕ್ಕಪ್ಪ ರಾತ್ರಿ ಊಟ ಮಾಡಲಿಲ್ಲ. “ನಾವು ಒಳಗೆ ಪ್ಲೈವುಡ್ ಹಾಕಿ, ಫೋಮ್ ಹಾಕಿ, ರೆಕ್ಸಿನ್ ಹೊದಿಸ್ತಿದ್ವಿ. ವೈರು ಅದರ ಹಿಂದೆನೇ ಎಳೀತಿದ್ವಿ. ಒಂದೇ ಬಾಗ್ಲು. ದೊಡ್ಡೋರ್ ಬಸ್ಸಿಗೇ ಹಿಂಗಾದ್ರೆ ನಾವ್ ಕಟ್ಟಿದ್ದರ ಗತಿ ಏನು?” ಅಂದರು. ಕ್ಯಾಂಪರ್ ಒಳಗೆ ಅದೇ ಪ್ಲೈವುಡ್, ಅದೇ ಫೋಮ್, ಮೇಲೆ ಗ್ಯಾಸ್ ಸಿಲಿಂಡರ್, ಇನ್ವರ್ಟರ್, ಎರಡು ಬ್ಯಾಟರಿ. ಬಸ್ಸಿನ ಬಾಡಿಗೂ ಕೇಂದ್ರದ ಕೋಡ್ ಬಂದು ಬಿಗಿಯಾದಂತೆ ಸಣ್ಣ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದವು. ಚಿಕ್ಕಪ್ಪನ ಶೆಡ್ಡೂ ಹೋಯಿತು. ಅವರು ಗೇಟು, ಗ್ರಿಲ್ಲು ಮಾಡುವ ಕೆಲಸಕ್ಕೆ ಬಂದರು. ಕೋಡ್ ಬೇಡವಾಗಿತ್ತು ಅಂತ ಅವರು ಒಂದು ದಿನವೂ ಹೇಳಿಲ್ಲ. ಸಣ್ಣವರು ಅದನ್ನು ಕಲಿಯುವುದಕ್ಕೆ ಯಾರೂ ಹೇಳಿಕೊಡಲಿಲ್ಲ ಅಂತ ಮಾತ್ರ ಹೇಳುತ್ತಾರೆ.

ಅತ್ತ ಗಿರಾಕಿಗಳು ಹುಟ್ಟಿದ್ದು ಬೇರೆ ಕಡೆ. 1970ರ ದಶಕದ ಕೊನೆಗೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತಿನ ಮುನ್ನೂರು ಚಿಲ್ಲರೆ ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಕನಸು ಕಂಡಾಗ ಸುತ್ತ ರಾಗಿ ಹೊಲ. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿಗೆ ಐಟಿಪಿಎಲ್ ಬಂತು. ಆಮೇಲೆ ಬೆಂಜ್ ಕಂಪನಿಯ ಸಂಶೋಧನಾ ಕೇಂದ್ರವೂ ಅದೇ ಭಾಗದಲ್ಲಿ ಕಚೇರಿ ಮಾಡಿತು. ಟಿಟಿಯ ಮೂಲ ಗಾಡಿ ಹುಟ್ಟಿದ ಕಂಪನಿಯ ಎಂಜಿನಿಯರುಗಳು ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಅವರನ್ನು ಆಫೀಸಿಗೆ ಬಿಟ್ಟು ಬರುವ ಟಿಟಿಗಳನ್ನು ನಮ್ಮ ಹುಡುಗರು ಓಡಿಸುತ್ತಾರೆ. ಬಿಡದಿಯ ಟೊಯೊಟಾದಲ್ಲಿ ನಾಲ್ಕು ಚಕ್ರದ ಫಾರ್ಚುನರ್ ತಯಾರಾಗುತ್ತದೆ. ಶುಕ್ರವಾರ ಸಂಜೆ ಅಂಥದ್ದೇ ಗಾಡಿಗಳು ಮೇಲೆ ಟೆಂಟ್ ಕಟ್ಟಿಕೊಂಡು ನೈಸ್ ರಸ್ತೆ ಹಿಡಿದು ನಮ್ಮೂರ ಕೆರೆಯ ಕಡೆ ಬರುತ್ತವೆ.

ಕೊರೊನಾ ಬಂದು ಹೊಟೇಲಿಗೆ ಹೋಗಲು ಜನ ಹೆದರಿದ ಮೇಲೆ ಸರ್ಕಾರಗಳಿಗೂ ಕ್ಯಾರವಾನ್ ನೆನಪಾಯಿತು. ಕೇಂದ್ರದ ಕ್ಯಾರವಾನ್ ಪ್ರವಾಸ ನೀತಿ ಅದಕ್ಕೂ ಹತ್ತು ವರ್ಷ ಹಿಂದೆಯೇ ಬಂದು ಫೈಲಿನಲ್ಲಿತ್ತು. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಘೋಷಿಸಿ ವಾಗಮನ್‌ನಲ್ಲಿ ಕ್ಯಾರವಾನ್ ನಿಲ್ಲುವ ಪಾರ್ಕನ್ನೂ ತೆರೆಯಿತು. ನಮ್ಮಲ್ಲೂ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ, ಒಳಗೆ ಬಚ್ಚಲು, ಎಸಿ ಎಲ್ಲ ಇರುವ ಕ್ಯಾರವಾನ್‌ಗಳು ಬಾಡಿಗೆಗೆ ಬಂದವು. ಅವುಗಳ ಒಂದು ರಾತ್ರಿಯ ಬಾಡಿಗೆ ಕೇಳಿದರೆ ನಮ್ಮ ಕಡೆ ಒಂದು ಹಸುವಿಗೆ ಮುಂಗಡ ಕೊಡಬಹುದು.

ಗಾಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಗಾಡಿ ನಿಲ್ಲುವ ಜಾಗದ ಬಗ್ಗೆ ಯಾರೂ ಇಲ್ಲ. ಗಾಡಿಯ ಕಕ್ಕಸಿನ ತೊಟ್ಟಿ ಮೂರು ದಿನಕ್ಕೆ ತುಂಬುತ್ತದೆ. ಅದನ್ನು ಎಲ್ಲಿ ಖಾಲಿ ಮಾಡುತ್ತಾರೆ? ನಮ್ಮ ಪಂಚಾಯಿತಿ ವ್ಯಾಪ್ತಿಯ ಕೆರೆ ಏರಿ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಕಂಡದ್ದನ್ನು ಇಲ್ಲಿ ಬರೆದರೆ ನಿಮಗೆ ತಿಂಡಿ ಸೇರುವುದಿಲ್ಲ. ರಾತ್ರಿಗೆ ಇಷ್ಟು ಅಂತ ಶುಲ್ಕ ಹಾಕಿ, ನೀರು ಕೊಟ್ಟು, ಕೊಳೆ ಹಾಕಲು ಸೆಪ್ಟಿಕ್ ಗುಂಡಿ ಮಾಡಿ ಪಂಚಾಯಿತಿಯೇ ಒಂದು ಎಕರೆ ತೆರೆದರೆ ಹುಡುಗರಿಗೆ ಗಾಡಿ ಕೊಳ್ಳದೆಯೇ ಕೆಲಸ ಸಿಗುತ್ತದೆ. ಊಟ, ಕಟ್ಟಿಗೆ, ಹಾಲು, ರಾತ್ರಿ ಕಾವಲು, ಬೆಟ್ಟ ತೋರಿಸುವುದು. ನನಗೆ ಫೋನ್ ಮಾಡುವ ಹುಡುಗರಿಗೆ ಈಚೆಗೆ ನಾನು ಹೇಳುತ್ತಿರುವುದು ಇದನ್ನೇ. “ಅದ್ರಲ್ಲಿ ಏನ್ ಗತ್ತು ಐತಣ್ಣ?” ಅಂತಾರೆ.

ನಮ್ಮ ಹುಡುಗನ ಗಾಡಿ ಏನಾಯಿತು ಅಂತ ಕೇಳುತ್ತೀರಿ. ಅವನು ಚಾಸಿ ಕೊಯ್ದಿರಲಿಲ್ಲ, ಪುಣ್ಯ. ಮಂಚ ಕಿತ್ತ, ಕಪಾಟು ಕಿತ್ತ, ಚಾವಣಿಯ ತೂತಿಗೆ ಶೀಟು ಹೊಡೆಸಿದ. ಹಳೆಯ ಸೀಟುಗಳನ್ನು ಅರ್ಧ ಬೆಲೆಗೆ ಮಾರಿದ್ದ. ಅಂಥವೇ ಸೀಟುಗಳನ್ನು ಪೂರ್ತಿ ಬೆಲೆಗೆ ಕೊಂಡು ತಂದು ಮೂಲ ತೂತುಗಳಿಗೇ ಬೋಲ್ಟ್ ಹಾಕಿಸಿದ. ಎರಡನೇ ಸಲಕ್ಕೆ ಎಫ್‌ಸಿ ಆಯಿತು. ಈಗ ಬೆಳಿಗ್ಗೆ ಐದೂವರೆಗೆ ಹೊರಟು ನಮ್ಮ ಸುತ್ತಲಿನ ಮೂರು ಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಪೀಣ್ಯಕ್ಕೆ ಬಿಟ್ಟು, ಸಂಜೆ ಕರೆತರುತ್ತಾನೆ. ಸಾಲ ಇನ್ನೂ ಇದೆ. ಜೀಪಿನ ಆಕ್ಸಲ್ ತಂದ ಗುಜರಿಗೇ ತೂಕಕ್ಕೆ ಹೋಯಿತು.

ಪೇಪರಿನ ಕತ್ತರಿಕೆ ಅವರ ಮನೆ ಬಾಗಿಲಿನಲ್ಲಿ ಇನ್ನೂ ಇದೆ, ಬಣ್ಣ ಮಾಸಿದೆ. ಹೋದಾಗಲೆಲ್ಲ ನಾನು ಆ ಕಡೆ ನೋಡುವುದಿಲ್ಲ. ಸ್ಟೀಲಿನ ಸಿಂಕು ಮಾತ್ರ ಅವನ ತಾಯಿ ಮಾರಲು ಬಿಡಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಇಟ್ಟಿಗೆ ಮೇಲೆ ಕೂರಿಸಿದ್ದಾರೆ, ಪಾತ್ರೆ ತೊಳೆದ ನೀರು ಬಾಳೆ ಗಿಡಕ್ಕೆ ಹೋಗುತ್ತದೆ.